ಸಾಕ್ಷಿಗೆ ತಂದ ಗಂಜಿ

ತಲಾತು ಸಜ್ಜೆ ಗಂಜಿಯ ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲೆ ಕುಕ್ಕಿದಳು. "ಮೊದ್ಲು ಇದನ್ನ ಪರೀಕ್ಷೆ ಮಾಡ್ಸಿ ಡಾಕ್ಟ್ರಮ್ಮ. ವಿಷ ಇದೆ ಇದ್ರಲ್ಲಿ."

ಪಕ್ಕದ ಮಂಚದ ಮೇಲೆ ಅವಳ ಮಗಳು ಹಿಂದಾತು, ಇಪ್ಪತ್ತು ದಿನದ ಬಾಣಂತಿ, ಕೂತೇ ಏದುಸಿರು ಬಿಡುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಊದಿದ ಕಾಲನ್ನು ಒತ್ತಿದರೆ ಗುಳಿ ಬೀಳುತ್ತಿತ್ತು. ಬಾಗಿಲಲ್ಲಿ ಅವಳ ಸವತಿ ಅಸಾಬೆ ಹಿಂದಾತುವಿನ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಳು. ತಲಾತುವಿಗೆ ಅದೂ ಸರಿಬರಲಿಲ್ಲ. ಇವಳಿಗ್ಯಾಕೆ ಅಷ್ಟು ಅಕ್ಕರೆ?

"ವಿಷ ಯಾರು ಹಾಕಿದ್ರು?" ಡಾಕ್ಟರ್ ಬಿಲ್ಕಿಸು ಕೇಳಿದರು.

"ಇನ್ಯಾರು? ಅಲ್ಲಿ ಏನೂ ಗೊತ್ತಿಲ್ದೋಳ ಹಾಗೆ ನಿಂತಿದಾಳಲ್ಲ! ಬಾಣಂತನಕ್ಕೆ ಬಂದು ಗಂಜಿ ಕಾಯ್ಸೋಳು ನಾನು, ಮಗಳ ಕೋಣೆಗೆ ಒಯ್ಯೋಳು ಇವಳು. ಇವತ್ತು ಬೆಳಿಗ್ಗೆ ಬಚ್ಚಲ ಹಿಂದೆ ಪಾತ್ರೆ ಹಿಡ್ಕೊಂಡು ಏನೋ ಮಾಡ್ತಿದ್ಲು. ನನ್ನ ನೋಡಿ ಬೆಚ್ಚಿಬಿದ್ಲು. ಅಲ್ಲೇ ಕಿತ್ಕೊಂಡು ಈ ಡಬ್ಬಿಗೆ ಸುರ್ಕೊಂಡೆ."

ಡಾಕ್ಟರ್ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರು. ತಲಾತು ಹೌಹಾರಿದಳು. ಅವರು ಮಾತ್ರ ಮುಖ ಕಿವುಚಿ, "ಕನ್ವಾ ಉಪ್ಪು ಎಷ್ಟು ಹಾಕ್ತೀರಿ?" ಎಂದರು.

"ಎರಡು ಹಿಡಿ. ಬಾಣಂತಿಗೆ ಹಾಲು ಬರ್ಬೇಡ್ವಾ? ದಿನಕ್ಕೆ ಮೂರು ಬಟ್ಟಲು, ನಲವತ್ತು ದಿನ. ಯಾಕೆ, ನಿಮ್ಮಮ್ಮ ಕುಡಿದಿಲ್ವಾ?"

"ಅರ್ಧ ಚೆಲ್ತಿದ್ದೆ ಅಮ್ಮಾ," ಎಂದಳು ಅಸಾಬೆ ನೆಲ ನೋಡುತ್ತಾ. "ಕುಡಿದಾಗೆಲ್ಲ ಅವಳ ಕಾಲು ಇನ್ನೂ ಊದ್ತಿತ್ತು. ನಿಮಗೆ ಹೇಳೋಕೆ ಹೆದ್ರಿಕೆ ಆಯ್ತು."

"ಚೆಲ್ಲಿದ್ದೇ ಒಳ್ಳೇದಾಯ್ತು," ಎಂದರು ಡಾಕ್ಟರ್. "ಹೃದಯದ ಮಾಂಸದೊಳಗೆ ದಾರದಂಥ ಪ್ರೋಟೀನು ಇರುತ್ತೆ, ಹಿಗ್ಗಿದ ಹೃದಯನ ಮತ್ತೆ ಹಿಂದಕ್ಕೆ ಎಳೆಯೋಕೆ. ನಿಮ್ಮ ಮಗಳಿಗೆ ಅದು ಹುಟ್ಟಿನಿಂದಲೇ ಸಡಿಲ ಅಂತ ಅನುಮಾನ. ಬಸುರಿನ ಭಾರಕ್ಕೆ ಹೃದಯ ಸೋತಿದೆ. ಅದರ ಮೇಲೆ ಇಷ್ಟು ಉಪ್ಪು ಬಿದ್ರೆ ಮೈಯೆಲ್ಲ ನೀರು ತುಂಬುತ್ತೆ. ಔಷಧಿ ಶುರು ಮಾಡ್ತೀನಿ. ಈ ದೋಷ ವಂಶದಲ್ಲಿ ಬರೋದು. ನಿಮ್ಮ ಕಡೆ ಬಾಣಂತನದಲ್ಲಿ ಹೀಗೆ ಊದಿಕೊಂಡು ಯಾರಾದ್ರೂ ತೀರ್ಕೊಂಡಿದ್ರಾ?"

"ನನ್ನಕ್ಕ. ಅವಳ ಸವತಿ ವಿಷ..."

ತಲಾತುವಿನ ಕಣ್ಣು ಅಸಾಬೆಯ ಕಡೆ ಹೊರಳಿತು. ಅಂದು ಅಕ್ಕನ ಸವತಿಗೆ ಗಂಡ ತಲಾಖ್ ಹೇಳಿ, ಮಕ್ಕಳನ್ನು ಕಿತ್ತುಕೊಂಡು ಹೊರಗೆ ಹಾಕಿದ್ದ. ವಿಷದ ಆರೋಪ ಹೊರಿಸಿ ಹಾಕಿಸಿದವಳು ತಲಾತು.

"ನಿಮ್ಮಕ್ಕನಿಗೆ ಗಂಜಿ ಕಾಯಿಸ್ತಿದ್ದೋರು ಯಾರು?"

ತಲಾತು ಮೇಜಿನ ಮೇಲಿದ್ದ ಡಬ್ಬಿಯನ್ನು ಮೆಲ್ಲಗೆ ತನ್ನ ಹೊದಿಕೆಯೊಳಗೆ ಎಳೆದುಕೊಂಡಳು.