ತೆಗೆಯುವ ಮುನ್ನ

"ಮುಚ್ಚಳ ತೆಗೆದೆಯಾ?"

ಚರ್ಚಿನಿಂದ ಬಂದ ಮಾರ್ಲಿಸ್ ಬೂಟಿನ ಹಿಮವನ್ನೂ ಕೊಡವದೆ ಕೇಳಿದಳು. ಅಡುಗೆಮನೆಯಲ್ಲಿದ್ದ ಗಂಡ ವರ್ಲಿನ್, ಗಂಟೆಗಟ್ಟಲೆ ಸಣ್ಣ ಕಾವಿನಲ್ಲಿ ಬೇಯಿಸುವ ಸ್ಲೋ ಕುಕ್ಕರಿನ ಪಕ್ಕದಿಂದ ಒಂದು ಹೆಜ್ಜೆ ಹಿಂದೆ ಸರಿದ. ಸೊಂಟನೋವು ಅಂತ ಬೆಳಿಗ್ಗೆ ಹಾಸಿಗೆಯಲ್ಲೇ ಉಳಿದವನ ಸೊಂಟ ಈಗ ನೆಟ್ಟಗಿತ್ತು. ಮೀಸೆಯ ಮೇಲೆ ಕ್ಯಾರೆಟ್ಟಿನ ಚೂರಿತ್ತು.

"ಪ್ರಾರ್ಥನೆಗೆ ಚಕ್ಕರ್, ಕುಕ್ಕರ್‌ಗೆ ಹಾಜರ್! ತೆಗೆದೆಯೋ ಇಲ್ವೋ?"

"ತೆಗೀಲಿಲ್ಲ ಕಣೆ. ಸ್ವಲ್ಪ ಓರೆ ಮಾಡ್ದೆ."

"ಎಷ್ಟು ಸಲ?"

ವರ್ಲಿನ್ ಸೂರು ನೋಡಿದ. "ಒಂದು... ಒಂದೈದಾರು."

ಒಂದು ಸಲ ಮುಚ್ಚಳ ತೆಗೆದರೆ ಅಡುಗೆ ಅರ್ಧ ಗಂಟೆ ಹಿಂದಕ್ಕೆ ಹೋಯಿತೆಂದೇ ಲೆಕ್ಕ. ತೊಟ್ಟಿಲ ಕೂಸಿಗೂ ತಿಳಿದಿದ್ದ ಈ ಸತ್ಯ ವರ್ಲಿನ್‌ಗೆ ತಿಳಿಯದ್ದೇನಲ್ಲ. ಆದರೆ ಅವನು ಮೂವತ್ತೊಂದು ವರ್ಷ ಧಾನ್ಯದ ಉಗ್ರಾಣದ ಬಾಗಿಲಲ್ಲಿ ನಿಂತು, ಬಂದ ಬಂದ ಲಾರಿಯ ಮೆಕ್ಕೆಜೋಳವನ್ನು ಬಗೆದು ತೇವ ನೋಡಿದವನು. ನಿವೃತ್ತನಾಗಿ ಮೂರು ವಾರವಾಗಿತ್ತು. ಲಾರಿ ನಿಂತಿತ್ತು, ಕೈ ನಿಂತಿರಲಿಲ್ಲ.

"ಐದಕ್ಕೆದ್ದು ಮಾಂಸ ಕೆಂಪಗೆ ಹುರಿದು ಸ್ಟ್ಯೂಗೆ ಹಾಕಿಟ್ಟು ಹೋಗಿದ್ದೆನಲ್ಲೋ ಮಹಾರಾಯ! ಹನ್ನೆರಡಕ್ಕೆ ಆರ್ಡಿಸ್ ಬರ್ತಾಳೆ. ನಾಲ್ಕು ವರ್ಷ ಆದ್ಮೇಲೆ ಬರ್ತಿದಾಳೆ!"

ಆರ್ಡಿಸ್ ಅವಳ ಅಕ್ಕ. ತಾಯಿ ತೀರಿಕೊಂಡ ಮೇಲೆ ತವರುಮನೆ ಖಾಲಿ ಮಾಡುವಾಗ, ಅಕ್ಕತಂಗಿಯರಿಬ್ಬರೂ ಬೆರಳು ಪಳಗಿಸಿಕೊಂಡಿದ್ದ ಅಮ್ಮನ ಪಿಯಾನೋವನ್ನು ತಂಗಿಯಿಲ್ಲದ ಹೊತ್ತಿನಲ್ಲಿ, ಅವಳಿಗೆ ಒಂದು ಮಾತೂ ಹೇಳದೆ ತೆಗೆದು ತನ್ನೂರಿನ ಚರ್ಚಿಗೆ ಸಾಗಿಸಿಬಿಟ್ಟಿದ್ದಳು. ಮಾರ್ಲಿಸ್ ಜಗಳವಾಡಲಿಲ್ಲ. ಈ ಮಿನ್ನೆಸೋಟ ಸೀಮೆಯವರು ಜಗಳವಾಡುವುದಿಲ್ಲ, ಫೋನು ಮಾಡುವುದನ್ನು ನಿಲ್ಲಿಸುತ್ತಾರೆ. ಹೋದ ಮಂಗಳವಾರ ಆರ್ಡಿಸಳೇ ಫೋನು ಮಾಡಿ, ಭಾನುವಾರ ಆ ಕಡೆ ಬರುತ್ತೇನೆ, ಊಟ ಮಾಡಿ ಒಂದು ಗಂಟೆಗೆ ಹೊರಡುತ್ತೇನೆ ಎಂದಿದ್ದಳು. ಈ ಒಂದು ಗಂಟೆ ಕೆಟ್ಟರೆ ಮತ್ತೆ ಭೇಟಿಯಾಗುವುದು ಇಬ್ಬರಲ್ಲೊಬ್ಬರ ಶವಪೆಟ್ಟಿಗೆಯ ಮುಂದೆಯೇ ಎಂದು ಮಾರ್ಲಿಸ್‌ಗೆ ಗೊತ್ತಿತ್ತು.

"ಆರ್ಡಿಸ್ ಅಲ್ಲ, ಆರ್ಡರ್ ಅನ್ನು," ಎಂದ ವರ್ಲಿನ್. ಕತ್ತು ನೀಳಮಾಡಿ, ಮೂಗಿನಲ್ಲಿ ರಾಗ ಎಳೆದ. "'ಓ... ಸ್ಟ್ಯೂ... ಬೇರೆ ಥರಾ ಇದೆಯಲ್ಲ, ಮಾರ್ಲಿಸ್!'"

ಥೇಟ್ ಆರ್ಡಿಸ್! ಮಿನ್ನೆಸೋಟದವರ ಬಾಯಲ್ಲಿ 'ಬೇರೆ ಥರ' ಎಂದರೆ ನಾಯಿಗೂ ಹಾಕಬೇಡ ಎಂದರ್ಥ. ಮಾರ್ಲಿಸ್‌ಗೆ ನಗುವೂ ಬಂತು, ಅಳುವೂ ಬಂತು, ಮೊದಲು ಬಂದದ್ದು ಮಾತ್ರ ಸಿಟ್ಟು.

"ನೀನು ಪಕ್ಕದಲ್ಲಿದ್ರೆ ಬೇಳೆ ಕೂಡ ಬೇಯಲ್ಲ, ಇನ್ನು ದನ ಬೇಯುತ್ತಾ! ಹೋಗು ಆ ಕಡೆ!"

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಆರ್ಡಿಸ್ ಬಂದಳು. ಕೈಯಲ್ಲಿ ಹಸಿರು ಜೆಲ್ಲಿಯ ಪಾತ್ರೆ. ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೇ ಹಾಕಿಕೊಂಡು ಕೂತಳು, ಗೂಟಕ್ಕೆ ನೇತುಹಾಕಲಿಲ್ಲ. ಹನ್ನೆರಡಕ್ಕೆ ಮಾರ್ಲಿಸ್ ಮಾಂಸಕ್ಕೆ ಫೋರ್ಕ್ ಚುಚ್ಚಿದಳು. ಫೋರ್ಕ್ ವಾಪಸು ಬಂತು.

"ಇನ್ನೊಂಚೂರು ಹೊತ್ತು," ಎಂದಳು.

"ಪರವಾಗಿಲ್ಲ," ಎಂದಳು ಆರ್ಡಿಸ್.

ರಸ್ತೆಯ ವಿಷಯ ಮಾತಾಡಿದರು. ಗಾಳಿಯ ವಿಷಯ ಮಾತಾಡಿದರು. ರಸ್ತೆಯ ಮೇಲಿನ ಗಾಳಿಯ ವಿಷಯವನ್ನೂ ಮಾತಾಡಿ ಮುಗಿಸಿದರು. ಹನ್ನೆರಡೂವರೆಗೆ ಮತ್ತೆ ಚುಚ್ಚಿದರೆ ಮಾಂಸ ಚಪ್ಪಲಿಯ ಅಟ್ಟೆಯ ಹಾಗೆ ಸೆಟೆದುಕೊಂಡೇ ಇತ್ತು. ಒಂದಕ್ಕೆ ಐದು ನಿಮಿಷವಿರುವಾಗ ಆರ್ಡಿಸ್ ಎದ್ದಳು.

"ಹಿಮ ಬೀಳೋ ಹಾಗಿದೆ. ಇನ್ನೊಂದು ಸಲ ಬಂದ್ರಾಯ್ತು ಬಿಡು."

ಇನ್ನೊಂದು ಸಲ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಆರ್ಡಿಸ್ ಕೋಟಿನ ಒಂದು ತೋಳು ತೂರಿಸಿದಳು. ಮಾರ್ಲಿಸ್ ಅಕ್ಕನ ಮಫ್ಲರ್ ಹಿಡಿದು, ಅವಳ ಮುಖವನ್ನೇ ನೋಡುತ್ತ ಎದುರಿಗೆ ನಿಂತಳು. ಏನಾದರೂ ಹೇಳಬೇಕು. ಏನು ಹೇಳುವುದು? ಅಷ್ಟರಲ್ಲಿ ಬೆನ್ನ ಹಿಂದೆ, ಅಡುಗೆಮನೆಯಲ್ಲಿ, ಗಾಜಿನ ಮುಚ್ಚಳ 'ಟಣ್' ಎಂದಿತು.

ಮಾರ್ಲಿಸ್ ತಿರುಗಿಯೂ ನೋಡಲಿಲ್ಲ. ನಿಂತಲ್ಲೇ ಸ್ಫೋಟಿಸಿದಳು.

"ತೆಗೆಯೋಕೆ ಮುಂಚೆ ಒಂದು ಮಾತು ಕೇಳೋಕೆ ಏನಾಗಿತ್ತು ರೋಗ? ನಾನಿಲ್ಲದ ಹೊತ್ತು ನೋಡ್ಕೊಂಡು ತೆಗೆಯೋದು! ನಾನೇನು ಲೆಕ್ಕಕ್ಕೇ ಇಲ್ವಾ?"

ಆರ್ಡಿಸಳ ಇನ್ನೊಂದು ತೋಳು ಗಾಳಿಯಲ್ಲೇ ನಿಂತಿತು.

"ಕೇಳಬೇಕಿತ್ತು," ಎಂದಳು. "ಕೇಳಬೇಕಿತ್ತು ಕಣೆ. ತಪ್ಪಾಯ್ತು. ಇದನ್ನೇ ಹೇಳಬೇಕು ಅಂತ ಕಾರಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಬಂದೆ. ಇಲ್ಲಿ ಕೂತ ಮೇಲೆ ಬರೀ ಗಾಳಿ, ರಸ್ತೆ ಅಂದೆ. ಆ ಪಿಯಾನೋನ ಅಲ್ಲಿ ಯಾರೂ ಸರಿಯಾಗಿ ನುಡಿಸೋದೂ ಇಲ್ಲ, ಮಾರ್ಲಿ."

ಮಾರ್ಲಿ ಎಂದು ಅಮ್ಮ ಕರೆಯುತ್ತಿದ್ದಳು. ಆರ್ಡಿಸ್ ಕೋಟಿನಿಂದ ತೋಳು ಹೊರಗೆಳೆದು, ಹೋಗಿ ಗೂಟಕ್ಕೆ ನೇತುಹಾಕಿ ಬಂದಳು.

ಬಾಗಿಲಲ್ಲಿ ವರ್ಲಿನ್ ಪ್ರತ್ಯಕ್ಷನಾದ. ಕೈಯಲ್ಲಿ ಸೌಟು, ಸೌಟಿನಲ್ಲಿ ಹಬೆಯಾಡುವ ದೊಡ್ಡದೊಂದು ಮಾಂಸದ ತುಂಡು.

"ಅಯ್ಯೋ ಆರ್ಡಿಸ್, ನೀವು ತಪ್ಪು ತಿಳ್ಕೊಂಡ್ರಿ. ಅವಳು ಬೈದಿದ್ದು ನಿಮಗಲ್ಲ, ಅದು ನಾನು ಮು..."

ಮಾರ್ಲಿಸ್ ಎರಡೇ ಹೆಜ್ಜೆಯಲ್ಲಿ ಅವನನ್ನು ತಲುಪಿ, ಸೌಟಿನ ತುಂಡನ್ನು ಎತ್ತಿ ಅವನ ಬಾಯಿಗೆ ತುರುಕಿದಳು. ಅದನ್ನು ಅಗಿದು ನುಂಗಲು ಅವನಿಗೆ ಕಡೇಪಕ್ಷ ಕಾಲು ಗಂಟೆಯಾದರೂ ಬೇಕಿತ್ತು.