ಗಂಡಿನ ಮನೆ ನೋಡಲು ಆಕ್ಸ್‌ಫರ್ಡಿಗೆ

"ಇವತ್ತೇ ವಾಪಸ್ ಹೊರಡಿ. ಇಲ್ದಿದ್ರೆ ನಮ್ ಪಾಲಿಗೆ ನೀವಿಬ್ರೂ ಇಲ್ಲ ಅಂದ್ಕೋತೀವಿ!"

ಫೋನಿನಲ್ಲಿ ದೊಡ್ಡಪ್ಪ ವೆಂಕಟರಾಯಪ್ಪನ ಅಬ್ಬರಕ್ಕೆ ಆಕ್ಸ್‌ಫರ್ಡಿನ ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ ಸವಾರನೊಬ್ಬ ತಿರುಗಿ ನೋಡಿದ. ದೇವನಹಳ್ಳಿ ಹತ್ತಿರದ ನಲ್ಲೂರಿನಲ್ಲಿ ಕೂತು ಇಂಗ್ಲೆಂಡಿಗೆ ಕೇಳಿಸುವಂತೆ ಕೂಗಲು ಆ ಮನುಷ್ಯನಿಗೆ ಫೋನೇ ಬೇಕಿರಲಿಲ್ಲ.

"ನಾಲ್ಕು ದಿನ ಊರು ನೋಡೋಕೆ ಬಂದಿದ್ದೀವಿ ದೊಡ್ಡಪ್ಪ. ನೋಡ್ಕೊಂಡು ಬರ್ತೀವಿ," ಎಂದಳು ಅಕ್ಷತ.

"ಯಾರ ಕಿವಿ ಮೇಲೆ ಹೂವ ಇಡ್ತೀಯ? ಆ ದೇವೇಂದ್ರನ ಅಕ್ಕ ಹೊಸಕೋಟೇಲೆಲ್ಲಾ ಹೇಳ್ಕೊಂಡು ಬಂದವ್ಳೆ. ಎರಡನೇ ಮದುವೆ ಅಂತೆ, ಥೂ! ತಾಯಿ ಮಗಳು ಸೇರ್ಕೊಂಡು ನಮ್ ಮುಖಕ್ಕೆ ಮಸಿ ಬಳೀತೀರಾ? ನಾಳೆ ನನ್ ಮಗಳು ದಿವ್ಯನ್ನ ಯಾರು ಕೇಳ್ಕೊಂಡು ಬರ್ತಾರೆ? ನಿಮ್ಮಪ್ಪ ಇದ್ದಿದ್ರೆ ಇದಕ್ಕೆ ಒಪ್ತಿದ್ನಾ?"

"ಅಪ್ಪ ಇದ್ದಿದ್ರೆ ಈ ಮಾತೇ ಬರ್ತಿರ್ಲಿಲ್ಲ," ಎಂದು ಅಕ್ಷತ ಫೋನ್ ಕಟ್ ಮಾಡಿದಳು.

ಹೆಣ್ಣು ಕೊಡುವ ಮೊದಲು ಹೆಣ್ಣಿನ ಕಡೆಯ ಹಿರಿಯರು ಹೋಗಿ ಗಂಡಿನ ಮನೆ ನೋಡಿ ಬರಬೇಕು. ನಲ್ಲೂರಿನಲ್ಲಿ ಎಲ್ಲರೂ ಮಾಡುವುದು ಹಾಗೇ. ಹಿರಿಯರೇ ಬೆನ್ನು ತಿರುಗಿಸಿದರೆ? ಮನೆ ನೋಡದೆ ಮಾತು ಕೊಡುವುದಕ್ಕಾಗುತ್ತದೆಯೇ? ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ಪಾಸು ಫೇಲು ಮಾಡುವ ಕೆಲಸ ಅಕ್ಷತಳದು. ರಜೆ ಬರೆದುಕೊಟ್ಟು, ಅಮ್ಮ ಅನುಸೂಯಮ್ಮನನ್ನು ಕರೆದುಕೊಂಡು ಹೊರಟೇಬಿಟ್ಟಿದ್ದಳು. ಹೊಸಕೋಟೆಯ ಗೃಹಪ್ರವೇಶವೊಂದರಲ್ಲಿ ಶುರುವಾದ ದೇವೇಂದ್ರನ ಪರಿಚಯ ವರ್ಷವಿಡೀ ಫೋನಿನಲ್ಲೇ ಬೆಳೆದಿತ್ತು. ಹೂಂ ಅನ್ನುವುದೋ ಉಹೂಂ ಅನ್ನುವುದೋ, ಈ ನಾಲ್ಕು ದಿನದಲ್ಲಿ ತೀರ್ಮಾನವಾಗಬೇಕಿತ್ತು.

ದೇವೇಂದ್ರ ಈ ಊರಿನಲ್ಲಿ ಸಿಟಿ ಬಸ್ಸು ಓಡಿಸುವವನು. ಎರಡು ದಿನದಿಂದ ಬಸ್ಸು ಬಿಟ್ಟು ಇವರಿಗೆ ಊರು ತೋರಿಸುತ್ತಿದ್ದ. ದುಂಡು ಗುಮ್ಮಟದ ಗ್ರಂಥಾಲಯ, ಜೇನುಬಣ್ಣದ ಕಲ್ಲಿನ ಕಾಲೇಜುಗಳು, ಕರಿ ನಿಲುವಂಗಿ ತೊಟ್ಟು ಪರೀಕ್ಷೆಗೆ ಓಡುವ ಹುಡುಗರು.

"ಇಲ್ಲಿ ಎಂಟುನೂರು ವರ್ಷದಿಂದ ಓದ್ತಾನೇ ಅವ್ರೆ," ಎಂದ.

"ಇನ್ನೂ ಮುಗ್ದಿಲ್ವಾ?" ಎಂದಳು ಅನುಸೂಯಮ್ಮ.

ಅಷ್ಟೇನೂ ನಗುವ ಮಾತಲ್ಲ. ದೇವೇಂದ್ರ ಮಾತ್ರ ಬೀದಿಯ ತುದಿಯವರೆಗೂ ನಗುತ್ತಲೇ ಇದ್ದ. ಹೆಣ್ಣಿನ ಕಡೆಯವರನ್ನು ಒಲಿಸಿಕೊಳ್ಳಬೇಕಲ್ಲ!

ಚರ್ಚಿನ ಗೋಪುರಕ್ಕೆ ನೂರಕ್ಕೂ ಮಿಕ್ಕಿದ ಮೆಟ್ಟಿಲು. ಅರ್ಧ ದಾರಿಯಲ್ಲೇ ಅನುಸೂಯಮ್ಮ ಗೋಡೆ ಹಿಡಿದು ಕೂತಳು. ದೇವೇಂದ್ರನೂ ಮಂಡಿ ಹಿಡಿದು ನಿಂತ.

"ದಿನಾ ಸೀಟಲ್ಲೇ ಕೂತಿದ್ರೆ ಹಿಂಗೇ ಆಗೋದು," ಎಂದು ಮೇಲಿನಿಂದ ಅಕ್ಷತ ರೇಗಿದಳು. ಅವರಿಬ್ಬರೂ ಮೇಲೆ ಬರಲು ಹತ್ತು ನಿಮಿಷ ಬೇಕಾಯಿತು. ಬಂದ ಕೂಡಲೇ ವಿಚಾರಣೆ ಶುರುವಾಯಿತು.

"ಕುಡೀತೀರಾ?"

"ಕ್ರಿಸ್‌ಮಸ್ಸಿಗೆ ಒಂದು ಗ್ಲಾಸು."

"ಬಿಡ್ಬೇಕು."

"ಬಿಟ್ಟೆ."

"ಊರೋರು ಬಾಯಿಗೆ ಬಂದಂಗೆ ಆಡ್ತಾರೆ. ತಡ್ಕೋತೀರಾ?"

"ನನ್ನ ಯಾರೂ ಏನೂ ಅನ್ನಲ್ಲ. ಅನ್ನೋದೆಲ್ಲಾ ಹೆಣ್ಣಿಗೇ. ನನ್ನ ಸಂಕಟ ಅದೇ."

ಅಷ್ಟು ಹೊತ್ತೂ ಅವನು ತನ್ನ ಬೂಟನ್ನೇ ನೋಡುತ್ತಿದ್ದ. ಒಂದು ಸಲವೂ ಅಕ್ಷತಳ ಮುಖ ನೋಡಿ ಉತ್ತರ ಕೊಡಲಿಲ್ಲ. ಅನುಸೂಯಮ್ಮ ದೂರದ ಹೆಂಚುಗಳನ್ನು ಎಣಿಸುವವಳಂತೆ ಆ ಕಡೆ ತಿರುಗಿ ನಿಂತಿದ್ದಳು.

ಮೂರನೇ ದಿನ ಮನೆ ನೋಡುವುದು. ಅವತ್ತು ಬೆಳಿಗ್ಗೆ ಅನುಸೂಯಮ್ಮ ಎರಡು ಸಲ ಸೀರೆ ಬದಲಾಯಿಸಿ ಮಗಳಿಂದ ಬೈಸಿಕೊಂಡಳು. ಪುಟ್ಟ ಮನೆ, ಎರಡೇ ಕೋಣೆ. ಅಕ್ಷತ ನಲ್ಲಿ ತಿರುಗಿಸಿದಳು, ಕಪಾಟು ತೆಗೆದಳು, ಮಂಚದ ಕೆಳಗೂ ಬಗ್ಗಿ ನೋಡಿದಳು. ದೇವೇಂದ್ರ ತಾನೇ ಮುದ್ದೆ ತಿರುವಿ, ಸೊಪ್ಪಿನ ಸಾರು ಮಾಡಿದ್ದ.

"ಗಂಟಾಗಿದೆ," ಎಂದಳು ಅಕ್ಷತ, ಫೇಲು ಮಾಡುವ ಧ್ವನಿಯಲ್ಲಿ.

ಅನುಸೂಯಮ್ಮ ಗಂಟನ್ನೂ ಬಿಡದೆ ಉಣ್ಣುತ್ತಿದ್ದಳು. ಅಪ್ಪ ಹೋದ ಮೇಲೆ ಹನ್ನೊಂದು ವರ್ಷ ದೊಡ್ಡಪ್ಪನ ಮನೆಯಲ್ಲಿ ಎಲ್ಲರ ಊಟವೂ ಮುಗಿದ ಬಳಿಕ ತಳದಲ್ಲಿ ಉಳಿದದ್ದನ್ನು ಉಂಡವಳು ಅಮ್ಮ. ಇಲ್ಲಿ ದೇವೇಂದ್ರ ಮೊದಲು ಬಡಿಸಿದ್ದು ಅವಳಿಗೆ. ಸಾರು ಸಾಕಾ ಎಂದು ಎರಡು ಸಲ ಕೇಳಿದ್ದ. ಅಕ್ಷತಳ ತೀರ್ಮಾನ ಅಲ್ಲಿಗೆ ಆಗಿಹೋಯಿತು.

ಫೋನು ಮತ್ತೆ ಹೊಡೆದುಕೊಂಡಿತು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು.

"ಹೊರಟ್ರಾ?" ಎಂದ ದೊಡ್ಡಪ್ಪ.

"ಇಲ್ಲ. ಮನೆ ನೋಡಿದ್ವಿ. ಒಪ್ಪಿಗೆ ಆಯ್ತು."

"ಒಪ್ಕೊಳ್ಳೋಕೆ ನೀನ್ಯಾವಳು? ಹಿರಿಯರು ನಿಲ್ಲದೆ ಅದ್ಯಾವ ಮದುವೆ? ಧಾರೆ ಎರೆಯೋರು ಯಾರು? ನಮ್ ಮನೆಯಿಂದ ಒಂದು ನರಪಿಳ್ಳೆನೂ ಬರಲ್ಲ, ತಿಳ್ಕೋ!"

ಅನುಸೂಯಮ್ಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ದೇವೇಂದ್ರ ತಲೆ ತಗ್ಗಿಸಿದ. ಅಕ್ಷತ ಎದ್ದು ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು:

"ಬರ್ಬೇಡಿ ದೊಡ್ಡಪ್ಪ. ನಮ್ಮಮ್ಮನ್ನ ನಾನೇ ಧಾರೆ ಎರೆದು ಕೊಡ್ತೀನಿ."