ರಸ್ತೆ ಬದಿಯ ರಾಜಕುಮಾರಿ

ಆಟೋದ ಹುಸೇನ ಸುಳ್ಳು ಹೇಳುತ್ತಿದ್ದಾನೆಂಬುದು ಶೀಲಾಗೆ ಗೊತ್ತಾಗಿಹೋಗಿತ್ತು. ಎಲ್ಲಿಯತನಕ ಹೇಳುತ್ತಾನೆ ಎಂಬುದಷ್ಟೇ ಕುತೂಹಲ.

"ಸುಲ್ತಾನರ ಮಗಳ್ರಿ ಮೇಡಂ. ಸಣ್ಣಾಕಿ. ಜ್ವರ ಬಂದು ಹೋಗಿಬಿಟ್ಲು."

ಕಮಲಾಪುರದ ಹೊರಗೆ, ಹೆದ್ದಾರಿಯ ಅಂಚಿಗೆ, ಬೇವಿನ ಮರದಡಿ ಸುಣ್ಣ ಬಳಿದ ಪುಟ್ಟ ಗೋರಿ. ರಸ್ತೆ ಅಗಲ ಮಾಡುವವರು ಅದನ್ನೂ ಒಳಗೆ ಸೇರಿಸಿಕೊಂಡು ಅದರ ಆಚೆಗೇ ಗೂಟ ನೆಟ್ಟು ಹೋಗಿದ್ದರು.

ಪ್ರವಾಸೋದ್ಯಮ ಬೆಳೆಸಲು ಇಡೀ ದೇಶಕ್ಕೊಂದು ರಾಷ್ಟ್ರೀಯ ಮಂಡಳಿ ಕಟ್ಟುವುದೆಂದು ದಿಲ್ಲಿಯಲ್ಲಿ ತೀರ್ಮಾನವಾಗಿತ್ತು. ಮಂಡಳಿಗೆ ಇನ್ನೂ ಕಚೇರಿಯಿಲ್ಲ, ಅಧ್ಯಕ್ಷರಿಲ್ಲ. ಲಾಂಛನ ಮಾತ್ರ ತಯಾರಿತ್ತು. ಮಂಡಳಿ ಯಾವ ತಾಣಗಳನ್ನು ಕಾಪಾಡಬೇಕೆಂದು ನೋಡಿ ಹೇಳುವುದು ಶೀಲಾಳ ಕೆಲಸ. ಅವಳು ಹೂಂ ಅಂದರೆ ಗೋರಿಗೆ ಬೇಲಿ, ಕಾವಲು. ರಸ್ತೆಯೇ ಬಳಸಿಕೊಂಡು ಹೋಗಬೇಕು. ಉಹೂಂ ಅಂದರೆ ಬುಲ್ಡೋಜರ್. ಇದನ್ನು ಹೇಗೋ ತಿಳಿದುಕೊಂಡ ಹುಸೇನ ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಅವಳ ಲಾಡ್ಜಿನ ಮುಂದೆ ಬೆಳಿಗ್ಗೆಯೇ ಕಾದು ನಿಂತು, ಕೈಮುಗಿದು ಕರೆತಂದಿದ್ದ.

ಕಾರಣ ಊಹಿಸುವುದು ಕಷ್ಟವಿರಲಿಲ್ಲ. ಪ್ರವಾಸಿಗರು ಬಂದರೆ ಆಟೋಗೆ ಸುಗ್ಗಿ. ಶೀಲಾ ಇಂಥವರನ್ನು ಊರೂರಲ್ಲೂ ಕಂಡವಳು. ಅವಳು ನೋಡಿದ ಪ್ರತಿ ಹಾಳುಬಾವಿಗೂ ಒಬ್ಬೊಬ್ಬ ರಾಣಿ ಹಾರಿದ್ದಳು.

"ರಾಜಕುಮಾರಿಗೆ ಏನು ಇಷ್ಟವಿತ್ತಪ್ಪ?" ಎಂದು ಕೆಣಕಿದಳು.

"ಕೆಂಪು ಬಾಳಿಹಣ್ಣ್ರಿ. ಸಿಪ್ಪಿ ತಾನೇ ಸುಲೀಬೇಕು, ಬ್ಯಾರೆಯವ್ರು ಸುಲಿದ್ರ ಮುನಿಸು. ಗುಡುಗು ಅಂದ್ರ ಭಾಳ ಅಂಜಾಕಿ. ಅಪ್ಪನ ಕಿವಿ ಹಿಡ್ಕೊಂಡೇ ಮಲಗಾಕಿ."

"ಸುಲ್ತಾನರ ಕಿವಿ?"

"ಸುಲ್ತಾನ್ರಾದ್ರೇನ್ರಿ, ಅಪ್ಪ ಅಲ್ಲೇನು?"

ಶೀಲಾಗೆ ನಗು ಬಂತು. ಕಥೆ ಕಟ್ಟುವ ಕೈ ಚೆನ್ನಾಗಿತ್ತು.

"ಇದೆಲ್ಲ ಯಾವ ಚರಿತ್ರೆಯಲ್ಲಿ ಬರೆದಿದೆ?"

"ಎಲ್ಲೂ ಬರ್ದಿಲ್ರಿ. ಅದಕ್ಕೇ ಬಂದವ್ರಿಗೆಲ್ಲ ಹೇಳಾಕತ್ತೀನಿ."

ಅವಳು ಬಗ್ಗಿ ಬೀಗದ ಕೈಯಿಂದ ಸುಣ್ಣ ಕೆರೆದಳು.

"ಮೆಲ್ಲಕ ಮೇಡಂ, ಮೆಲ್ಲಕ..."

ಸುಣ್ಣದಡಿ ಸಿಮೆಂಟು. ಇನ್ನೂ ಬಣ್ಣ ಮಾಸದ ಸಿಮೆಂಟು.

"ನಿಮ್ಮ ಸುಲ್ತಾನರು ಸಿಮೆಂಟು ಯಾವ ಅಂಗಡಿಯಲ್ಲಿ ಕೊಂಡರು, ಹುಸೇನ?"

ಅವನು ಕೂತು, ಉದುರಿದ ಚಕ್ಕೆಯನ್ನು ಹೆಬ್ಬೆರಳಿನಿಂದ ಮತ್ತೆ ಅದೇ ಜಾಗಕ್ಕೆ ಒತ್ತತೊಡಗಿದ. ಅದು ನಿಲ್ಲಲಿಲ್ಲ. ಮತ್ತೆ ಒತ್ತಿದ. ಸಿಕ್ಕಿಬಿದ್ದವರ ನಾಟಕವನ್ನೂ ಶೀಲಾ ಸಾಕಷ್ಟು ಕಂಡಿದ್ದಳು. ಮೊಬೈಲು ತೆಗೆದು ದಿಲ್ಲಿಗೆ ಬರೆದಳು: 'ಕಮಲಾಪುರದ ಗೋರಿ ನಕಲಿ. ರಸ್ತೆ ಕೆಲಸ ಮುಂದುವರಿಯಲಿ.' ಆ ಕ್ಷಣವೇ ಒಪ್ಪಿಗೆ ಬಂತು.

ಅವಳು ಮೊಬೈಲು ಒಳಗಿಡುವುದನ್ನೇ ಕಾಯುತ್ತಿದ್ದಂತೆ, ರಸ್ತೆಯಾಚೆಯ ಮನೆಯಿಂದ ಹುಸೇನನ ಹೆಂಡತಿ ಮಸ್ತಾನಬಿ ಸೆರಗು ಸರಿಮಾಡಿಕೊಳ್ಳುತ್ತ ಓಡಿಬಂದಳು. ಮುಖದ ತುಂಬ ಕೃತಜ್ಞತೆ.

"ಬರದು ಕಳಿಸಿದ್ರೇನ್ರಿ ಅಕ್ಕಾರ? ಕೊರೋನಾದಾಗ ಯಾರೂ ಜಾಗಾ ಕೊಡಲಿಲ್ಲಂತ ಇಲ್ಲೇ ಮಣ್ಣು ಮಾಡಿದ್ವಿ; ಇನ್ನ ನಮ್ಮ ಆಸ್ಫಿಯಾನ್ನ ಯಾರೂ ಎಬ್ಬಿಸಂಗಿಲ್ಲಲ್ರಿ?"